ಕಕ್ಷಿದಾರನಿಗೆ ಬಿಲ್ಲು ಕಳಿಸಿದ್ದು

ಕೋರ್ಟಿನಲ್ಲಿ ನಿಂತು ಪರರ ಹಣವನ್ನು ಬಡ್ಡಿ, ಖರ್ಚು ಸಮೇತ ಕೊಡಿಸಿ ಎಂದು ಗಟ್ಟಿಯಾಗಿ ಕೇಳುವ ವಕೀಲನಿಗೆ ತನ್ನ ಫೀ ಕೇಳುವಾಗ ಮಾತ್ರ ಗಂಟಲು ಒಣಗುತ್ತದೆ. ಇದು ಎಲ್ಲ ವಕೀಲರ ಮಾತೋ ಏನೋ ಗೊತ್ತಿಲ್ಲ, ನನ್ನ ಮಾತಂತೂ ಹೌದು. ಕಿರಾಣಿ ಅಂಗಡಿಯವನು ಬೇಳೆ ತೂಗಿ ಕೊಟ್ಟು ಕೈ ಚಾಚುತ್ತಾನೆ. ಟಾಂಗಾದವನು ನಾವು ಹತ್ತುವ ಮೊದಲೇ ದರ ಮುಗಿಸಿರುತ್ತಾನೆ. ನಾನು ಮಾತ್ರ ಕಕ್ಷಿದಾರ ಎದ್ದು ಹೊರಟಾಗ ಜಂತಿ ನೋಡುತ್ತ, "ನಿಮ್ಮ ಕಡೆ ಮಳಿ ಹೆಂಗೈತ್ರಿ?" ಎಂದು ಕೇಳುತ್ತಿದ್ದೆ. ಅವನು ನಿಂತಲ್ಲಿಯೇ ಮಳೆಯ ಸುದ್ದಿ ಸವಿಸ್ತಾರವಾಗಿ ಹೇಳಿ ಹೊರಟುಹೋಗುತ್ತಿದ್ದ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕರಿ ಕೋಟು ಹೊಲಿಸಿಕೊಂಡು ನಾನು ವಿಜಾಪುರದ ಹಿರಿಯ ವಕೀಲರೊಬ್ಬರ ಹತ್ತಿರ ಜೂನಿಯರ್ ಆಗಿ ಸೇರಿದೆ. ಊರೆಲ್ಲ ಅವರನ್ನು ರಾಯರು ಎನ್ನುತ್ತಿತ್ತು. ಜೂನಿಯರನಿಗೆ ಸಂಬಳ ಎಂಬ ಪದ್ಧತಿಯೇ ಅಲ್ಲಿರಲಿಲ್ಲ. "ಸಾಲ್ಯಾಗ ಕಲಿಯವರು ಫೀ ಕೊಟ್ಟು ಕಲೀತಾರ. ನಾ ನಿನ್ನ ಕಡೆ ಏನೂ ತಗೊಳಂಗಿಲ್ಲಪಾ" ಎಂದು ಮೊದಲ ದಿನವೇ ಅವರು ಉದಾರವಾಗಿ ಹೇಳಿಬಿಟ್ಟಿದ್ದರು. ದಿನಕ್ಕೆರಡು ಸಲ ಚಹಾ, ದೀಪಾವಳಿಗೆ ಒಂದು ಧೋತರ. ಮನೆಯನ್ನು ನಡೆಸುತ್ತಿದ್ದವಳು ಪ್ರಾಥಮಿಕ ಶಾಲೆಯ ಮಾಸ್ತರಿಣಿಯಾದ ನನ್ನ ಹೆಂಡತಿ ಸುಶೀಲಾ. ತಿಂಗಳ ಮೊದಲ ತಾರೀಖು ಅವಳು ಸಂಬಳ ತಂದು ದೇವರ ಮುಂದಿಡುವಾಗ ನಾನು ಬೇಕಂತಲೇ ಹಿತ್ತಲಲ್ಲಿ ಇರುತ್ತಿದ್ದೆ.

ರಾಯರು ಕೂಡುತ್ತಿದ್ದುದು ಗಾದಿಯ ಮೇಲೆ, ಲೋಡಿಗೆ ಒರಗಿ. ಅವರು ಫೀ ಕೇಳಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಕಕ್ಷಿದಾರ ಏಳುವಾಗ ಬಗ್ಗಿ ನಮಸ್ಕಾರ ಮಾಡಿ, ಗಾದಿಯ ಅಂಚು ತುಸು ಎತ್ತಿ, ಅದರ ಕೆಳಗೆ ನೋಟು ಸರಿಸುತ್ತಿದ್ದ. ಆ ಹೊತ್ತಿಗೆ ರಾಯರು ಕಿಟಕಿಯ ಕಡೆ ನೋಡುತ್ತಿದ್ದರು. ಎಷ್ಟು ಎಂದು ಅವನೂ ಹೇಳುತ್ತಿರಲಿಲ್ಲ, ಇವರೂ ಕೇಳುತ್ತಿರಲಿಲ್ಲ. ಸಂಜೆ ಗಾದಿ ಝಾಡಿಸುವ ಕೆಲಸವನ್ನು ಮಾತ್ರ ಅವರು ಯಾರಿಗೂ ಬಿಡುತ್ತಿರಲಿಲ್ಲ. ಇದೆಲ್ಲ ಹಳೇ ಕಾಲದ ರೀತಿ, ನಾನು ಸ್ವಂತ ಆಫೀಸು ಹಾಕಿದರೆ ಹೊಸ ರೀತಿ ತರುತ್ತೇನೆ ಎಂದು ನಾನು ಒಳಗೊಳಗೇ ಮಂಡಿಗೆ ತಿನ್ನುತ್ತಿದ್ದೆ.

ನಾಲ್ಕು ವರ್ಷದ ಮೇಲೆ ಆ ಹೊಸ ರೀತಿ ತಂದೇಬಿಟ್ಟೆ. ಅಥಣಿ ರಸ್ತೆಗೆ ಆಗ ಅಲ್ಲೊಂದು ಇಲ್ಲೊಂದು ಮನೆ. ಅಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಮೇಜು, ಮೂರು ಕುರ್ಚಿ, ಸೊಲ್ಲಾಪುರದಿಂದ ಒಂದು ಹಳೆಯ ಇಂಗ್ಲಿಷ್ ಟೈಪರೈಟರು ತಂದೆ. ಅದರ ದುಡ್ಡು ಯಾರದೆಂದು ಬೇರೆ ಹೇಳಬೇಕಿಲ್ಲ. ಬಬಲೇಶ್ವರದಿಂದ ಬಂದ ಮುದುಕನೊಬ್ಬ ಅದು ಟಕಟಕ ಎನ್ನುವುದನ್ನು ಅರ್ಧ ತಾಸು ಕೂತು ನೋಡಿ, "ಭಾಳ ಚಲೋ ಐತ್ರಿ" ಎಂದು ಹೇಳಿ, ತಾನು ಬಂದ ಕೆಲಸ ಹೇಳದೆಯೇ ಎದ್ದು ಹೋದ. ಕಕ್ಷಿದಾರರು ಬರುತ್ತಿದ್ದರು. ಕುರ್ಚಿಯ ತುದಿಗೆ ಕೂಡುತ್ತಿದ್ದರು. ಏಳುವಾಗ ಅತ್ತ ಇತ್ತ ಒಂದು ಸಲ ನೋಡಿ, ಕೈ ಮುಗಿದು ಹೋಗಿಬಿಡುತ್ತಿದ್ದರು. ಅವರು ಹುಡುಕುತ್ತಿದ್ದುದು ಏನೆಂದು ನನ್ನ ಕಾನೂನು ಬುದ್ಧಿಗೆ ಹೊಳೆಯಲಿಲ್ಲ. ವರ್ಷ ಕಳೆಯಿತು. "ನಿಮ್ಮ ಆಫೀಸು ನಮ್ಮ ಸಾಲಿಗಿಂತ ಮೇಲ್ರಿ. ನಮ್ಮಲ್ಲಿ ಪಾಟಿ-ಪೆನ್ಸಿಲ್ಲಿಗಾದ್ರೂ ರೊಕ್ಕ ಹತ್ತತೈತಿ, ನಿಮ್ಮಲ್ಲಿ ಎಲ್ಲಾ ಪುಕ್ಕಟೆ" ಎಂದಳು ಸುಶೀಲಾ.

ಆಗ ಮುಂಬಯಿಯಲ್ಲಿ ವಕೀಲಿ ಮಾಡುವ ನನ್ನ ಸಹಪಾಠಿಯೊಬ್ಬ ಊರಿಗೆ ಬಂದ. ಅಲ್ಲಿ ವಕೀಲರು ಫೀಯನ್ನು ಬಾಯಿಂದ ಕೇಳುವುದೇ ಇಲ್ಲವಂತೆ. ಮಾತಾಡಿದ್ದಕ್ಕಿಷ್ಟು, ಬರೆದದ್ದಕ್ಕಿಷ್ಟು, ಕಾದದ್ದಕ್ಕಿಷ್ಟು, ಕೆಲವರಂತೂ ತಾಸಿನ ಲೆಕ್ಕದಲ್ಲಿ ಬಿಲ್ಲು ಟೈಪು ಮಾಡಿ ಅಂಚೆಗೆ ಹಾಕುತ್ತಾರಂತೆ. ಬಾಯಿಂದ ಕೇಳುವುದಿಲ್ಲ ಎಂಬ ಒಂದು ಮಾತು ನನ್ನ ಎದೆಗೆ ನಾಟಿತು. ಅವನು ಬಸ್ಸು ಹತ್ತುವುದೇ ತಡ, ನಾನು ಮಶೀನಿಗೆ ಕಾಗದ ಏರಿಸಿದೆ.

ಮೊದಲ ಬಿಲ್ಲು ಬಿದ್ದದ್ದು ಇಮಾಮಸಾಬನ ಮೇಲೆ. ಟಿಕೋಟಾದಾಚೆ ಘೋಣಸಗಿಯ ರೈತ. ರಾಯರು ನನ್ನನ್ನು ಬೀಳ್ಕೊಡುವಾಗ ಕೈಗೆ ಹಾಕಿದ ಕೇಸು ಅವನದು. ಅವನ ನಾಲ್ಕೆಕರೆ ಹೊಲಕ್ಕೆ ಹೋಗುವ ಬಂಡಿ ದಾರಿ ಬಾಜೂ ಹೊಲದ ಮಲ್ಲಪ್ಪನ ಬದುವಿನ ಮೇಲೆ ಹಾದುಹೋಗುತ್ತಿತ್ತು. ಮಲ್ಲಪ್ಪ ಅಲ್ಲಿ ಜಾಲಿಮುಳ್ಳು ಬಡಿದಿದ್ದ. ಮೂರು ವರ್ಷದಿಂದ ಇಮಾಮಸಾಬ, ಅವನ ಹೆಂಡತಿ ಬೆಳೆಯನ್ನೆಲ್ಲ ತಲೆಯ ಮೇಲೆ ಹೊತ್ತು ಸಾಗಿಸುತ್ತಿದ್ದರು. ಗೊಬ್ಬರದ ಬಂಡಿ ಹೋಗದೆ ಹೊಲ ಸೊರಗಿತ್ತು. ದಾರಿ ಹೋದರೆ ಆ ಹೊಲ ಇದ್ದೂ ಇಲ್ಲ. ನಾನು ಬಿಲ್ಲಿನಲ್ಲಿ "ಕಕ್ಷಿದಾರರೊಂದಿಗೆ ಸಮಾಲೋಚನೆ, ಹನ್ನೊಂದು ಸಲ" ಎಂದು ಟೈಪು ಮಾಡಿದೆ. ಅದರಲ್ಲಿ ಏಳು ಸಲ ನಾವು ಅವನ ಎಮ್ಮೆಯ ಬಗ್ಗೆ ಮಾತಾಡಿದ್ದೆವು. ಕೊನೆಗೆ ಸಹಿಯ ಮೇಲೆ ಒಂದು ಸಾಲು ಜಾಗ ಉಳಿಯಿತು. ವಕೀಲನ ಬೆರಳು ಜಾಗ ಕಂಡಲ್ಲಿ ಸುಮ್ಮನಿರುತ್ತದೆಯೇ? ನೋಟೀಸು ಬರೆದು ಬರೆದು ಆದ ರೂಢಿಯಿಂದ, "ಈ ಪತ್ರ ಮುಟ್ಟಿದ ಎಂಟು ದಿನದೊಳಗೆ ಹಣ ಸಂದಾಯ ಮಾಡದಿದ್ದಲ್ಲಿ ಮುಂದಿನ ಕಾನೂನು ಕ್ರಮ ಜರುಗಿಸಲಾಗುವುದು" ಎಂದು ಇಂಗ್ಲಿಷಿನಲ್ಲಿ ತಾನೇ ಹೊಡೆದುಬಿಟ್ಟಿತು. ಅದೇ ರೂಢಿಯಿಂದ ಕಾಲು ಅಂಚೆಕಚೇರಿಗೆ ಹೋಗಿ ಅದನ್ನು ರಿಜಿಸ್ಟರ್ ಮಾಡಿಸಿತು. ನನಗೆ ತಪ್ಪೇನೂ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಆ ಸಾಲು ಬಹಳ ಗಂಭೀರವಾಗಿದೆ ಎಂದು ಖುಷಿಯಾಯಿತು.

ಸೋಮವಾರ ಇಮಾಮಸಾಬನ ಸಾಕ್ಷಿ. ಹಿಂದಿನ ಎರಡು ತಾರೀಖು ತಪ್ಪಿಸಿದ್ದೆವು. "ಈ ಸಲ ವಾದಿ ಕಟಕಟೆ ಹತ್ತದಿದ್ದರೆ ಕೇಸು ವಜಾ" ಎಂದು ನ್ಯಾಯಾಧೀಶರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ತಾರೀಖಿನ ಹಿಂದಿನ ದಿನ ಬೆಳಗಿನ ಬಸ್ಸಿಗೇ ಬಂದು ನನ್ನ ಕಟ್ಟೆಯ ಮೇಲೆ ಬುತ್ತಿ ಬಿಚ್ಚುವುದು ಇಮಾಮಸಾಬನ ಪದ್ಧತಿ. ಭಾನುವಾರ ಬೆಳಗಿನ ಬಸ್ಸು ಬಂತು, ಅವನು ಬರಲಿಲ್ಲ. ಹನ್ನೊಂದರ ಬಸ್ಸೂ ಬಂತು. ನಾನು ರಸ್ತೆಗೂ ಕೋಣೆಗೂ ಶತಪಥ ತುಳಿಯತೊಡಗಿದೆ. ಆಗ ಬಜಾರಕ್ಕೆ ಬಂದಿದ್ದ ಘೋಣಸಗಿಯವನೊಬ್ಬ ಎದುರಾದ. ಮಾತಾಡಿಸಿದರೆ ಎರಡು ಹೆಜ್ಜೆ ಹಿಂದೆ ಸರಿದ.

"ಇಮಾಮಸಾಬ ಎಲ್ಲಿ ಬರ್ತಾನ್ರಿ? ನೀವ ಅವನ ಮ್ಯಾಲ ನೋಟೀಸ ಕೊಟ್ಟೀರಂತಲ್ಲ. ನಮ್ಮೂರ ಸಾಲಿ ಮಾಸ್ತರು ಓದಿ ಹೇಳ್ಯಾರ. ನನ್ನ ವಕೀಲನ ನನಗ ತಿರುಗಿಬಿದ್ದ ಮ್ಯಾಲ ಇನ್ಯಾತರ ಕೇಸು ಅಂತ ಮಲ್ಲಪ್ಪನ ಮನಿಗೆ ಹೋಗಿ ಕುಂತಾನ್ರಿ."

ಮಲ್ಲಪ್ಪನ ಮನೆಗೆ ಹೋಗಿದ್ದಾನೆಂದರೆ ದಾರಿಯ ಹಕ್ಕು ಬಿಟ್ಟುಕೊಡುವುದಕ್ಕೇ ಹೋಗಿದ್ದಾನೆ. ಬಿಳಿ ಹಾಳೆಗೆ ಒಂದು ಹೆಬ್ಬೆಟ್ಟು ಬಿದ್ದರೆ ಮುಗಿಯಿತು. ಮೂರು ವರ್ಷ ಮಲ್ಲಪ್ಪನಿಂದ ಆಗದ್ದನ್ನು ನನ್ನ ಟೈಪರೈಟರು ಒಂದೇ ವಾರದಲ್ಲಿ ಮಾಡಿತ್ತು. ಊಟ ಬಿಟ್ಟು ಬಸ್ಸು ಹಿಡಿದೆ. ತೊರವಿ ದಾಟುವ ಮೊದಲೇ ಬಸ್ಸಿನ ಟಾಯರು ಕೂತಿತು. ಕಂಡಕ್ಟರು ಇಳಿದು ಬೀಡಿ ಹೊತ್ತಿಸಿದ, ಡ್ರೈವರು ಟಾಯರಿನ ಸುತ್ತ ಪ್ರದಕ್ಷಿಣೆ ಹಾಕಿದ. ನಾನೇ ಕೋಟು ತೆಗೆದು ಜ್ಯಾಕಿಗೆ ಕೈ ಹಚ್ಚಿದೆ. ಟಿಕೋಟಾ ಮುಟ್ಟಿದಾಗ ಎರಡು ಹೊಡೆದಿತ್ತು. ಘೋಣಸಗಿಗೆ ಸಂಜೆಯ ತನಕ ಬಸ್ಸಿಲ್ಲ. ಸೈಕಲ್ ಅಂಗಡಿಯವನು, "ತಾಸಿನ ಲೆಕ್ಕರಿ, ರೊಕ್ಕ ಮೊದಲ ಇಡ್ರಿ" ಎಂದ. ಎಷ್ಟು ಸಲೀಸಾಗಿ ಅಂದ! ಅಂಥ ಗಡಿಬಿಡಿಯಲ್ಲೂ ನನಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

ಸೈಕಲ್ಲಿನ ಚೈನು ಮೂರು ಸಲ ಬಿತ್ತು. ಪ್ರತಿ ಸಲ ಏರಿಸುವಾಗಲೂ ನನ್ನ ಕಣ್ಣಿಗೆ ಹಾಳೆಯ ಮೇಲೆ ಇಳಿಯುತ್ತಿರುವ ಇಮಾಮಸಾಬನ ಹೆಬ್ಬೆಟ್ಟೇ ಕಾಣುತ್ತಿತ್ತು. ಕಪ್ಪು ಎಣ್ಣೆ ಮೆತ್ತಿದ ಕೈಯಲ್ಲಿ ಅವನ ಮನೆಯ ಬಾಗಿಲು ಬಡಿದೆ. ಕದದ ಹಿಂದಿನಿಂದ ಅವನ ಹೆಂಡತಿಯ ದನಿ ಬಂತು.

"ಮನ್ಯಾಗ ಏನೂ ಉಳದಿಲ್ರಿ ಸಾಹೇಬ್ರ. ಒಂದು ಹಂಚು, ಒಂದು ಕೊಡ ಅಷ್ಟ ಐತಿ. ಬೇಕಾದ್ರ ಒಳಗ ಬಂದು ನೋಡ್ರಿ."

ನಾನು ಜಪ್ತಿಗೆ ಬಂದಿದ್ದೇನೆ ಎಂದು ತಿಳಿದಿದ್ದಳು ಆಕೆ! ಹೋದ ಸಲ ಇದೇ ಬಾಗಿಲಲ್ಲಿ "ಉಂಡು ಹೋಗ್ರಿ ಯಪ್ಪಾ" ಎಂದು ಜುಲುಮೆ ಮಾಡಿದ್ದವಳು. ನನಗೆ ಅಳು ಬರುವಂತಾಯಿತು. ಸೈಕಲ್ಲು ಅಲ್ಲೇ ಬಿಟ್ಟು ಮಲ್ಲಪ್ಪನ ಮನೆಯ ಕಡೆ ಓಡಿದೆ.

ಅಲ್ಲಿ ಪಡಸಾಲೆಯ ತುಂಬ ಇಮಾಮಸಾಬನ ಭಾಂಡೆ. ತಪೇಲಿ, ಹರಿವಾಣ, ಹಿತ್ತಾಳೆ ಹಂಡೆ. ಹಿತ್ತಲಲ್ಲಿ ನನಗೆ ಚೆನ್ನಾಗಿ ಪರಿಚಯವಿದ್ದ ಅವನ ಎಮ್ಮೆ. ಹಂಡೆಗೆ ಬೆನ್ನು ಹಚ್ಚಿ ಇಮಾಮಸಾಬ ಕೂತಿದ್ದ. ಮಲ್ಲಪ್ಪ ಬಾಗಿಲಿಗೆ ಅಡ್ಡ ನಿಂತ. ಮೂರು ವರ್ಷ ಕೋರ್ಟಿನ ಹೊರಗೆ ಒಬ್ಬರ ಮುಖ ಒಬ್ಬರು ನೋಡದವರು!

"ಬರ್ರಿ ವಕೀಲ ಸಾಹೇಬ್ರ" ಎಂದ ಮಲ್ಲಪ್ಪ. "ನಾವು ನಾವು ಏನರ ಬಡದಾಡ್ತೀವಿ, ಅದು ಬ್ಯಾರೆ. ಹೊರಗಿನವರು ಬಂದು ನಮ್ಮೂರಾಗಿನ ಭಾಂಡೆ ಒಯ್ಯಾಕ ನಾ ಬಿಡಂಗಿಲ್ಲ."

ಇಮಾಮಸಾಬ ತಲೆ ಎತ್ತದೆ ಹೇಳಿದ: "ರೊಕ್ಕ ತಂದಿದ್ನಿರಿ ಸಾಹೇಬ್ರ. ಎರಡು ಸಲ ತಂದಿದ್ನಿ. ರಾಯರ ಕಡೆ ಆದ್ರ ಗಾದಿ ಇತ್ತು. ನಿಮ್ಮಲ್ಲಿ ಎಲ್ಲಿ ಇಡೂದಂತ ತಿಳೀಲಿಲ್ಲ. ಕುರ್ಚಿ ಮ್ಯಾಲ ಕುಂತ ದೊಡ್ಡವರ ಕೈಯಾಗ ತುರುಕಿದ್ರ ಲಂಚ ಕೊಟ್ಟಂಗ ಆಗತೈತಲ್ರಿ? ಹಂಗ ತಿರುಗಿ ತಂದ್ನಿ. ಆಮ್ಯಾಲ ಬೀಜಕ್ಕ ಖರ್ಚಾತು."

ನನ್ನ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಇಮಾಮಸಾಬ, ಅದು ನೋಟೀಸಲ್ಲ, ಬರೀ ಬಿಲ್ಲು, ಹರಿದು ಒಗೆ, ಭಾಂಡೆ ಮನೆಗೆ ಒಯ್ಯಿ. ಇಷ್ಟೇ. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಮಲ್ಲಪ್ಪ ಮುಂದುವರಿಸಿದ.

"ಇವತ್ತು ಭಾಂಡೆ ಅಂತೀರಿ, ನಾಳಿ ಹೊಲ ಜಪ್ತಿ ಮಾಡ್ತೀರಿ. ಇಮಾಮಸಾಬ ಬಾಜೂಕ ಇದ್ರ ದಾರಿಗಷ್ಟ ಜಗಳ. ವಕೀಲ ಬಾಜೂಕ ಬಂದ್ರ ನನ್ನ ಹೊಲಾನ ಉಳಿಯಂಗಿಲ್ಲ. ಅದಕ್ಕ ಹೇಳೀನಿ ಇವಗ, ಮುಳ್ಳು ತಗದು ದಾರಿ ಬಿಡ್ತೀನಿ, ಬಂಡಿ ಹೊಡಿ, ಚಲೋತ್ನಂಗ ಬೆಳಿ, ಮೊದಲ ಈ ವಕೀಲನ ರೊಕ್ಕ ಒಗದು ಅವನ್ನ ದೂರ ಮಾಡಂತ."

ತೆರೆದ ಬಾಯಿಯನ್ನು ನಾನು ಮೆಲ್ಲಗೆ ಮುಚ್ಚಿದೆ. ಅಂಜಿಕೆ ಇರುವ ತನಕ ದಾರಿ ಉಂಟು. ನಾನು ನಿಜ ಹೇಳಿ ಒಳ್ಳೆಯವನಾದರೆ ನಾಳೆ ಬೆಳಗಿಗೆ ಮಲ್ಲಪ್ಪ ಮತ್ತೆ ಮುಳ್ಳು ಬಡಿಯುತ್ತಾನೆ. ಬಂಡಿ ಇದ್ದೂ ಇಮಾಮಸಾಬ, ಅವನ ಹೆಂಡತಿ ಇನ್ನೂ ಎಷ್ಟು ವರ್ಷ ಬೆಳೆಯನ್ನು ತಲೆಯ ಮೇಲೆ ಹೊರಬೇಕೋ. ಒಂದು ಕಡೆ ಇಮಾಮಸಾಬನ ದಾರಿ, ಇನ್ನೊಂದು ಕಡೆ ನನ್ನ ಒಳ್ಳೆಯ ಹೆಸರು. ಇಂಥ ಪೇಚಿನ ಬಗ್ಗೆ ಕಾನೂನು ಕಾಲೇಜಿನಲ್ಲಿ ಯಾರೂ ಒಂದು ಮಾತು ಹೇಳಿಕೊಟ್ಟಿರಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡೆ. ನನ್ನ ಜೀವಮಾನದಲ್ಲಿ ಯಾರೊಂದಿಗೂ ಆಡದ ದನಿಯಲ್ಲಿ, "ಬಾಯಿಮಾತು ನಡಿಯಂಗಿಲ್ಲ. ನಾಳೆ ಇಬ್ಬರೂ ಕೋರ್ಟಿಗೆ ಬಂದು ದಾರಿ ಬಿಟ್ಟದ್ದನ್ನ ಬರಕೊಡ್ರಿ. ಇಲ್ಲಾಂದ್ರ ಜಪ್ತಿಗೆ ಹೊಲ ಅಳತಿ ಮಾಡಸಾಕ ನಾನ ಬರ್ತೀನಿ" ಎಂದೆ. ಪುಣ್ಯಕ್ಕೆ ಸೈಕಲ್ಲಿನ ಎಣ್ಣೆ ಮುಖಕ್ಕೂ ಮೆತ್ತಿತ್ತಂತೆ. ನೋಡುವವರಿಗೆ ಸಾಕಷ್ಟು ಭಯಂಕರವಾಗಿ ಕಂಡಿರಬೇಕು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗಾದ ಮೇಲೆ ಮಲ್ಲಪ್ಪನ ಮನಸ್ಸು ತಿರುಗಿದ್ದರೆ? ಹನ್ನೊಂದಕ್ಕೆ ಕೋರ್ಟಿನಲ್ಲಿ ನಮ್ಮ ಕೇಸಿನ ಕೂಗು ಬಿತ್ತು. ಇಬ್ಬರೂ ಇರಲಿಲ್ಲ. ಸ್ವಲ್ಪ ಹೊತ್ತು ಕೊಡಿ ಎಂದು ಬೇಡಿಕೊಂಡೆ. ಎರಡನೆಯ ಕೂಗಿಗೆ ಬಾಗಿಲಲ್ಲಿ ಎರಡು ರುಮಾಲು ಒಟ್ಟಿಗೆ ಕಂಡವು. ಮಲ್ಲಪ್ಪನ ವಕೀಲರು ಕಕ್ಕಾಬಿಕ್ಕಿಯಾಗಿ ರಾಜಿಯ ಅರ್ಜಿಗೆ ಸಹಿ ಹಾಕಿದರು. ಹೆಬ್ಬೆಟ್ಟು ಬಿತ್ತು, ದಾಖಲಾಯಿತು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ವಕೀಲರು ಕಕ್ಷಿದಾರರ ವಿಶ್ವಾಸ ಗಳಿಸಿದರೆ ಹೀಗೆ ಎಷ್ಟೋ ವ್ಯಾಜ್ಯ ಬಗೆಹರಿಯುತ್ತವೆ" ಎಂದರು. ನಾನು ತಲೆ ಬಗ್ಗಿಸಿದೆ. ಅವರು ಅದನ್ನು ವಿನಯ ಎಂದುಕೊಂಡರು.

ಇನ್ನು ನಿಜ ಹೇಳಬಹುದು ಎಂದುಕೊಂಡು ಹೊರಗೆ ಬಂದೆ. ದಾರಿ ಕಾಗದಕ್ಕೆ ಬಂದಿತ್ತು ನಿಜ. ಆದರೆ ಮುಳ್ಳು ಇನ್ನೂ ಹೊಲದಲ್ಲೇ ಇತ್ತು, ಅದನ್ನು ಕೀಳಬೇಕಾದ ಮಲ್ಲಪ್ಪ ನನ್ನ ಹಿಂದೆಯೇ ಬೀಡಿ ಹಚ್ಚಿ ನಿಂತಿದ್ದ. ಇಮಾಮಸಾಬ ನನ್ನಿಂದ ಮೂರು ಮಾರು ದೂರ ನಿಂತು, ರುಮಾಲು ತೆಗೆದು ಕೈ ಮುಗಿದ.

"ಸುಗ್ಗಿಗೆ ನಿಮ್ಮ ರೊಕ್ಕ ಮುಟ್ಟಸ್ತೀನ್ರಿ ಸಾಹೇಬ್ರ. ಅಲ್ಲೀ ತನಕ ನಮ್ಮ ಭಾಂಡೆಕ್ಕ ಕೈ ಹಚ್ಚಬ್ಯಾಡ್ರಿ."

ಬೀಡಿಯ ಹೊಗೆ ನನ್ನ ಕಿವಿಯ ತನಕ ಬಂತು. ನಾನು ಇಮಾಮಸಾಬನ ಮುಖ ನೋಡದೆ, "ಸುಗ್ಗಿ ತಪ್ಪಿದ್ರ ನೋಡು ಮತ್ತ!" ಎಂದು ಗದರಿದೆ. ಫೀ ಕೇಳುವಾಗ ಅಂದು ಮಾತ್ರ ನನ್ನ ಗಂಟಲು ಒಣಗಲಿಲ್ಲ.