ಹೇಳಿದ ಮಾತು ಕೇಳುವ ಪೆಟ್ಟಿಗೆ

ಎಲ್ಲ ತಪ್ಪೂ ಮನೆ ಕಟ್ಟಿದ ಮೇಸ್ತ್ರಿಯದು. ಹಾಲ್‌ನ ದೀಪ ಹಾಲ್‌ನಲ್ಲಿ, ಫ್ಯಾನೂ ಹಾಲ್‌ನಲ್ಲಿ. ಅವುಗಳ ಸ್ವಿಚ್ಚು ಮಾತ್ರ ಅಡುಗೆಮನೆಗೆ ಹೋಗುವ ಪ್ಯಾಸೇಜಿನ ಗೋಡೆಯಲ್ಲಿ, ಪರದೆಯ ಆಚೆ. ಸೋಫಾದಿಂದ ಅಲ್ಲಿಗೆ ಎಂಟು ಹೆಜ್ಜೆ. ಕಾಲೇಜಿನ ಲೈಬ್ರರಿಯಲ್ಲಿ ದಿನವಿಡೀ ಏಣಿ ಹತ್ತಿ ಇಳಿದು ಬಂದ ಲೈಬ್ರರಿ ಸಾರ್‌ಗೆ ಆ ಎಂಟು ಹೆಜ್ಜೆ ಎಂಟು ಮೈಲಿಯಾಗಿ ಕಾಣುತ್ತಿತ್ತು.

ಅದಕ್ಕೇ ಅವರು ಹೇಳಿದ ಮಾತು ಕೇಳುವ ಪೆಟ್ಟಿಗೆಯೊಂದನ್ನು ತಂದು ಹಾಲ್‌ನ ಕಿಟಕಿ ಮೂಲೆಯಲ್ಲಿ ಪ್ರತಿಷ್ಠಾಪಿಸಿದರು. ಇಂಟರ್ನೆಟ್ ಇದ್ದ ಕಾಲದಲ್ಲಿ ಅದು ಮಹಾ ತರಲೆ. "ಫ್ಯಾನ್ ಹಾಕು" ಅಂದರೆ ಯಾವುದೋ ಊರಿನ ಹವಾಮಾನ ಹೇಳುತ್ತಿತ್ತು. ಅಷ್ಟರಲ್ಲಿ ಸಾರ್ ಒಂದು ಪತ್ರಿಕೆಯಲ್ಲಿ, ಇಂಥ ಪೆಟ್ಟಿಗೆಗಳು ಮನೆಯ ಮಾತನ್ನೆಲ್ಲ ಕಂಪನಿಗೆ ಒಪ್ಪಿಸುತ್ತವೆ ಎಂದು ಓದಿದರು.

"ನಮ್ಮನೆ ಮಾತು ಕಂಪನಿಯವರ ಕಿವಿಗೆ ಯಾಕೆ ಬೀಳ್ಬೇಕು?"

"ಬೀಳ್ಲಿ ಬಿಡ್ರೀ. ಎರಡು ದಿನ ಕೇಳಿದ್ರೆ ಅವರೇ ಕಂಪನಿ ಮುಚ್ಕೊಂಡು ಹೋಗ್ತಾರೆ," ಎಂದರು ಹೆಂಡತಿ.

ಸಾರ್ ಬಿಡಲಿಲ್ಲ. ಎರಡು ವಾರ ತಂತಿಗಳ ನಡುವೆ ಕೂತು, ಇಂಟರ್ನೆಟ್ ಸಂಬಂಧವನ್ನೇ ಕಡಿದು, ಎಲ್ಲವೂ ಮನೆಯೊಳಗೇ ನಡೆಯುವ ಹಾಗೆ ಮಾಡಿದರು. ಆಮೇಲೆ ಪೆಟ್ಟಿಗೆಯ ಬುದ್ಧಿಯೇ ಬದಲಾಗಿಹೋಯಿತು. ಮಾತು ನಿಲ್ಲಿಸಿತು, ಕೆಲಸ ಹಿಡಿಯಿತು. ನೆಗಡಿಯಾದಾಗ ಮೂಗಿನಲ್ಲಿ ಹೇಳಿದರೂ ಅರ್ಥವಾಗುತ್ತಿತ್ತು. "ಅದನ್ನ ಸ್ವಲ್ಪ ಹಾಕು" ಅಂದರೂ ಸಾಕು. ಮಧ್ಯಾಹ್ನ ಊಟವಾದ ಮೇಲೆ ಕೊಂಚ ನಿಧಾನ, ಅಷ್ಟೇ. ಎಂಟು ತಿಂಗಳು ಸಾರ್ ಸಿಕ್ಕಿದವರಿಗೆಲ್ಲ ಇದನ್ನೇ ಕೊರೆದರು.

ಹೆಂಡತಿಯ ಸಂಕಟವೇ ಬೇರೆ. ಅವರ ಹೊಲಿಗೆ ಮಿಷನ್ನು ಮಂಚಕ್ಕೂ ಬೀರುವಿಗೂ ನಡುವೆ ಸಿಕ್ಕಿಕೊಂಡಿತ್ತು. ಸೂಜಿಗೆ ದಾರ ಪೋಣಿಸಬೇಕಾದರೆ ಮೊಣಕೈ ಬೀರುವಿಗೆ ತಾಗುತ್ತಿತ್ತು. ಬೆಳಕು ಬರುವ ಆ ಕಿಟಕಿ ಮೂಲೆ ಅವರಿಗೆ ಬೇಕಿತ್ತು.

"ನನ್ನ ಪೆಟ್ಟಿಗೆ ಒಂದೇ ಒಂದು ದಿನ ಕೈಕೊಟ್ರೆ ಮೂಲೆ ನಿನ್ನದು," ಎಂದು ಸಾರ್ ಮಾತು ಕೊಟ್ಟಿದ್ದರು.

ಆ ಭಾನುವಾರ ಬೆಳಗ್ಗೆ ರಸ್ತೆ ಅಗೆಯುವವರು ಕೇಬಲ್ಲನ್ನೂ ಅಗೆದುಹಾಕಿದರು. ಇಡೀ ಕಟ್ಟಡದ ಇಂಟರ್ನೆಟ್ ಸತ್ತುಹೋಯಿತು. ಎದುರುಮನೆಯ ಹಲ್ಲಿನ ಡಾಕ್ಟರದು ಮೊಬೈಲಿನಿಂದಲೇ ನಡೆಯುವ ಮನೆ, ಬಾಗಿಲಿನ ಬೀಗವೂ ಇಂಟರ್ನೆಟ್ಟಿನದೇ. ಹೆಂಡತಿ ದೇವಸ್ಥಾನಕ್ಕೆ ಹೋಗಿದ್ದ ಹೊತ್ತಿನಲ್ಲಿ ಪೇಪರ್ ತೆಗೆದುಕೊಳ್ಳಲು ಹೊರಗೆ ಬಂದಿದ್ದರು, ಹಿಂದಿನಿಂದ ಬಾಗಿಲು ಹಾಕಿಕೊಂಡುಬಿಟ್ಟಿತು. ಬನಿಯನ್ನಿನಲ್ಲಿ ನಿಂತಿದ್ದ ಅವರನ್ನು ನೋಡಿ ಲೈಬ್ರರಿ ಸಾರ್‌ಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ನಾನು ಬಡ್ಕೊಂಡೆ ಡಾಕ್ಟ್ರೇ, ಮನೆ ಜುಟ್ಟು ಇನ್ನೊಬ್ಬರ ಕೈಗೆ ಕೊಡ್ಬೇಡಿ ಅಂತ. ಬನ್ನಿ ಒಳಗೆ, ನಮ್ಮದು ನೋಡಿ."

ಡಾಕ್ಟರನ್ನು ಸೋಫಾದಲ್ಲಿ ಕೂರಿಸಿ, ಸಾರ್ ಸೂರು ನೋಡುತ್ತ ಹೇಳಿದರು: "ಫ್ಯಾನ್ ಹಾಕು."

ಫ್ಯಾನ್ ಅಲ್ಲಾಡಲಿಲ್ಲ.

"ಫ್ಯಾನ್ ಹಾಕು!"

ಸದ್ದಿಲ್ಲ. ಮನೆಯಲ್ಲಿ ಬೇರೆ ಯಾರೂ ಹತ್ತಿರದಲ್ಲಿರಲಿಲ್ಲ. ಸಾರ್ ಅವರ ಅಮ್ಮ ಬೆಳಗ್ಗೆಯೇ ಮಗಳ ಮನೆಗೆ ಹೋಗಿದ್ದರು, ಹೆಂಡತಿ ಸ್ನಾನಕ್ಕೆ. ಡಾಕ್ಟರು ಮುಂದೆ ಬಾಗಿ, ಅಭ್ಯಾಸಬಲದಿಂದ, "ಬಾಯಿ ಇನ್ನೂ ಸ್ವಲ್ಪ ದೊಡ್ಡದಾಗಿ ತೆಗೀರಿ," ಎಂದರು.

ಸಾರ್ ತೆಗೆದರು. ಆ ಕೂಗಿಗೆ ಮೇಲಿನ ಮನೆಯಿಂದ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರು ಇಳಿದು ಬಂದರು. ಮೂವತ್ತು ವರ್ಷ ಹೆಡ್‌ಕ್ಲರ್ಕ್ ಆಗಿದ್ದು ನಿವೃತ್ತರಾದವರು.

"ಏನ್ರೀ ಇದು, ಭಾನುವಾರ ಬೆಳಬೆಳಗ್ಗೆ ಗಂಡ ಹೆಂಡತಿ ಜಗಳ?"

"ಜಗಳ ಅಲ್ಲ ಅಧ್ಯಕ್ಷರೇ, ಪೆಟ್ಟಿಗೆ ಜೊತೆ ಮಾತಾಡ್ತಿದೀನಿ."

"ಮಾತಾಡೋ ರೀತಿನಾ ಇದು? ಹಾಕು, ತೆಗಿ ಅಂದ್ರೆ ಯಾರು ಕೇಳ್ತಾರೆ? ಮಾನ್ಯರೇ ಅನ್ನಿ. ಮೊದ್ಲು ವಿಷಯ ಹೇಳಿ, ಕೊನೆಗೆ ವಂದನೆ ಹೇಳಿ."

ಮಾನ ಹೋಗುವ ಹೊತ್ತಿನಲ್ಲಿ ಮನುಷ್ಯ ಏನು ಬೇಕಾದರೂ ಮಾಡುತ್ತಾನೆ. "ಮಾನ್ಯರೇ, ವಿಷಯ: ಫ್ಯಾನ್ ಹಾಕುವ ಬಗ್ಗೆ," ಎಂದು ಸಾರ್ ಕೈಮುಗಿದರು. ಮಾನ್ಯರು ಕಿಮಕ್ ಅನ್ನಲಿಲ್ಲ. ಡಾಕ್ಟರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು.

"ಸಂಜೆ ಆರಕ್ಕೆ ಬನ್ನಿ," ಎಂದು ಸಾರ್ ಎದೆ ತಟ್ಟಿದರು. "ಎಲ್ಲರೂ ಬನ್ನಿ! ನಡೀಲಿಲ್ಲ ಅಂದ್ರೆ ನನ್ನ ಹೆಸರು ನೋಟಿಸ್ ಬೋರ್ಡಲ್ಲಿ ಹಾಕಿ."

ಅಷ್ಟು ಸಾಕಾಯಿತು. ಅರ್ಧ ಗಂಟೆಯಲ್ಲಿ ಅಧ್ಯಕ್ಷರು ಮನೆಮನೆಗೂ ಸುದ್ದಿ ಮುಟ್ಟಿಸಿದರು. ತಲೆ ಒರೆಸಿಕೊಳ್ಳುತ್ತ ಬಂದ ಹೆಂಡತಿಗೆ ವಿಷಯ ತಿಳಿಯಿತು. ಅವರು ಕಿಟಕಿ ಮೂಲೆಯನ್ನು ಒಂದು ಸಲ, ಗಂಡನ ಮುಖವನ್ನು ಒಂದು ಸಲ ನೋಡಿದರು.

"ಆರು ಗಂಟೆವರೆಗೂ ಟೈಮ್ ಕೊಡ್ತೀನಿ. ಆಮೇಲೆ ಮಿಷನ್ ಅಲ್ಲಿಗೆ ಬರುತ್ತೆ," ಎಂದರು.

ಆ ಮಧ್ಯಾಹ್ನ ಸಾರ್ ಪಟ್ಟ ಪಾಡು ಶತ್ರುವಿಗೂ ಬೇಡ. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಲೇ ಇತ್ತು. ಹಸಿರು ಎಂದರೆ ಎಲ್ಲ ಸರಿ ಎಂದು ಪುಸ್ತಕದಲ್ಲಿತ್ತು. ಎಲ್ಲ ಸರಿಯಿದ್ದ ಮೇಲೆ ಸರಿಮಾಡುವುದೇನನ್ನು? ತಂತಿ ಬಿಚ್ಚಿ ಕಟ್ಟಿದರು. ಏಣಿ ಹತ್ತಿ ಫ್ಯಾನಿನ ಹತ್ತಿರವೇ ಹೋಗಿ ಹೇಳಿನೋಡಿದರು. "ಸಾವಿರಾರು ಪುಸ್ತಕ ಎಲ್ಲೆಲ್ಲಿವೆ ಅಂತ ಹೇಳ್ತೀಯ, ನಿನ್ನ ಮನೆ ಫ್ಯಾನ್ ಹಾಕಕ್ಕೆ ಬರಲ್ವಲ್ಲೋ ದಡ್ಡ," ಎಂದು ತಮ್ಮನ್ನೇ ಬೈದುಕೊಂಡರು. ಐದು ಗಂಟೆಗೆ ಗಂಟಲು ಪೂರ್ತಿ ಕಟ್ಟಿ, ಬರೀ ಗಾಳಿ ಬರುತ್ತಿತ್ತು.

ಐದೂವರೆಗೆ ಅಮ್ಮ ಬಂದರು. ಆರಕ್ಕೆ ಹಾಲ್ ತುಂಬಿತು. ಹನ್ನೆರಡು ಜನ, ಜೊತೆಗೆ ಯಾವುದೋ ಮನೆಗೆ ಬಂದಿದ್ದ ನೆಂಟರು ಬೇರೆ. ಬೀಗದವನನ್ನು ಕರೆಸಿ ಮನೆ ಸೇರಿದ್ದ ಡಾಕ್ಟರು ಈಗ ಶರಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಅಮ್ಮನನ್ನು ಡಾಕ್ಟರ ಹೆಂಡತಿ ಪಕ್ಕದಲ್ಲೇ ಕೂರಿಸಿಕೊಂಡರು. ಸಾರ್ ಹೆಂಡತಿ ಕಾಫಿಗೆ ನೀರಿಡಲು ಒಳಗೆ ಹೋದರು. ಹೊತ್ತು ಮುಳುಗುತ್ತಿತ್ತು, ಹಾಲ್ ಮಬ್ಬಾಗಿತ್ತು.

ಸಾರ್ ಎದ್ದು ನಿಂತರು. ಬಾಯಿ ತೆರೆದರು. ಬಂದದ್ದು ಹಳೇ ಬಾಗಿಲಿನ ಕಿರ್ರು.

"ದೀ... ಪ... ಹಾಕು."

ಏನೂ ಇಲ್ಲ. ಯಾರೋ ಕೆಮ್ಮಿದರು. ಅಮ್ಮ ಯಾಕೋ ಗಡಬಡಿಸಿ ಏಳಹೋದರು. "ಎಲ್ಲಿಗೆ ದೊಡ್ಡಮ್ಮ? ಮಗನ ಪ್ರತಾಪ ನೋಡಿ ಕೂತ್ಕೊಂಡು," ಎಂದು ಡಾಕ್ಟರ ಹೆಂಡತಿ ಅವರ ಕೈ ಹಿಡಿದೆಳೆದರು. ಅಧ್ಯಕ್ಷರು ನೋಟಿಸು ಬರೆಯಲು ಜೇಬಿನಿಂದ ಪೆನ್ನು ತೆಗೆದೇಬಿಟ್ಟರು.

"ಹಾಕಪ್ಪಾ," ಎಂದರು ಸಾರ್, ಅಳುವ ದನಿಯಲ್ಲಿ. "ಇದೊಂದು ಸಲ ಹಾಕಪ್ಪಾ."

ಫಕ್ಕನೆ ದೀಪ ಹೊತ್ತಿತು!

ಜನರೆಲ್ಲ ಹೋ ಎಂದರು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವರು ಅಮ್ಮ. ಬಾಯಿ ತೆರೆದುಕೊಂಡು ಬಲ್ಬನ್ನೇ ನೋಡಿದರು. ಸಾರ್‌ಗೆ ಆನೆಬಲ ಬಂತು. "ಫ್ಯಾನ್!" ತಿರುಗಿತು. "ಎರಡಕ್ಕೆ!" ಎರಡಕ್ಕೆ ಬಂತು. "ಸಾಕು!" ನಿಂತಿತು. ಡಾಕ್ಟರು ಎದ್ದು ಬಂದು ಕೈಕುಲುಕಿದರು. "ಈ ಗಂಟಲಿಗೂ ಅರ್ಥ ಮಾಡ್ಕೊಳ್ಳುತ್ತಲ್ರೀ! ನನ್ನದನ್ನ ನಾಳೆನೇ ಕಿತ್ತುಹಾಕ್ತೀನಿ. ನಮ್ಮನೆಗೂ ಇದನ್ನೇ ಮಾಡಿಕೊಡಿ." ನಮಗೂ, ನಮಗೂ ಎಂದು ಎಲ್ಲರೂ ಮುತ್ತಿಕೊಂಡರು. ಅಧ್ಯಕ್ಷರು ಅದೇ ಪೆನ್ನಿನಲ್ಲಿ ಪಟ್ಟಿ ಬರೆದು, ಮೊದಲು ತಮ್ಮ ಮನೆ ಹಾಕಿಕೊಂಡು, ಪಟ್ಟಿಯನ್ನು ಸಾರ್ ಕೈಗಿಟ್ಟು ಹೋದರು.

ಮನೆ ಖಾಲಿಯಾಯಿತು. ಗೆದ್ದ ಮುಖ ತೋರಿಸಲೆಂದು ಸಾರ್ ಪರದೆ ಸರಿಸಿದರು. ಪ್ಯಾಸೇಜಿನ ಗೋಡೆಗೆ ಒರಗಿ ಹೆಂಡತಿ ನಿಂತಿದ್ದರು. ಒಂದು ಕೈಯಲ್ಲಿ ಕಾಫಿ ಸೌಟು, ಇನ್ನೊಂದು ಕೈಯ ಬೆರಳು ಸ್ವಿಚ್ಚಿನ ಮೇಲೆ.

ಸಾರ್ ಬೆರಳನ್ನು ನೋಡಿದರು. ಬಲ್ಬನ್ನು ನೋಡಿದರು. ಮತ್ತೆ ಬೆರಳನ್ನು ನೋಡಿದರು.

"ನೀನಾ? ಎಷ್ಟು... ದಿನದಿಂದ?"

"ನಾನು ಭಾನುವಾರ ಮಾತ್ರ," ಎಂದರು ಹೆಂಡತಿ. "ಉಳಿದ ದಿನ ಅತ್ತೆ."

ಅಮ್ಮ ಹಿಂದೆಯೇ ಬಂದು ನಿಂತಿದ್ದರು. "ನೀನು ಇಂಟರ್ನೆಟ್ ಕಿತ್ತ ಮೂರನೇ ದಿನ, ಮಂಡಿಗೆ ಶಾಖ ಕೊಟ್ಕೊಳ್ಳೋಣ ಅಂತ ಅದರ ಪ್ಲಗ್ ತೆಗೆದೆ ಕಣೋ. ಮತ್ತೆ ಹಾಕಿದೆ, ಹಸಿರು ದೀಪ ಬಂತು, ಮಾತು ಮಾತ್ರ ಕೇಳ್ಲಿಲ್ಲ. ನೀನು ಎರಡು ವಾರ ಊಟ ನಿದ್ದೆ ಬಿಟ್ಟು ಮಾಡಿದ್ದೆ. ಹೇಳಕ್ಕೆ ಹೆದರಿಕೆ ಆಯ್ತು. ಸಂಜೆ ನೀನು ದೀಪ ಹಾಕು ಅಂದೆ, ನಾನೇ ಹೋಗಿ ಸ್ವಿಚ್ ಹಾಕಿದೆ. ನೀನೆಷ್ಟು ಖುಷಿಪಟ್ಟೆ! ಆಮೇಲೆ ಹ್ಯಾಗೆ ನಿಲ್ಲಿಸ್ಲಿ?"

"ಅತ್ತೆಗೆ ಮಂಡಿ ನೋವು, ವಾರಕ್ಕೊಂದು ದಿನ ರಜ ಬೇಡ್ವಾ? ಬೆಳಗ್ಗೆ ನಾನು ಸ್ನಾನಕ್ಕೆ ಹೋದಾಗಲೇ ನಿಮಗೆ ಡಾಕ್ಟ್ರು ಸಿಗ್ಬೇಕಾ?"

ಸಾರ್‌ಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಇನ್ನೇನೋ ಆಗಿ ಕಣ್ಣು ತುಂಬಿತು. "ಇವತ್ತು ಸುಮ್ನಿದ್ದಿದ್ರೆ ಮೂಲೆ ನಿನ್ನದಾಗ್ತಿತ್ತಲ್ಲೇ."

"ಸುಮ್ನಿರೋಣ ಅಂತಲೇ ನಿಂತಿದ್ದೆ, ಅತ್ತೆಗೂ ಹಾಗೇ ಹೇಳಿದ್ದೆ. ಅಷ್ಟು ಜನರ ಮುಂದೆ ಆ ಗಂಟಲಲ್ಲಿ ಬೇಡ್ಕೊಂಡ್ರಲ್ಲ, ತಡ್ಕೊಳ್ಳಕ್ಕಾಗ್ಲಿಲ್ಲ." ಹೆಂಡತಿ ಅವರ ಕೈಯಲ್ಲಿದ್ದ ಪಟ್ಟಿಯನ್ನು ಸೌಟಿನಿಂದ ತಟ್ಟಿದರು. "ನಾಳೆ ಅಧ್ಯಕ್ಷರ ಮನೆ ಪ್ಯಾಸೇಜಲ್ಲಿ ಮಾತ್ರ ನೀವೇ ನಿಂತ್ಕೋಬೇಕು."

ಏಳು ಗಂಟೆಗೆ ಪೆಟ್ಟಿಗೆ ಅಟ್ಟ ಸೇರಿತು, ಹೊಲಿಗೆ ಮಿಷನ್ನು ಕಿಟಕಿ ಮೂಲೆಗೆ ಬಂತು. ಮಿಷನ್ನನ್ನು ಒಬ್ಬರೇ ಎಳೆದು ತಂದ ಲೈಬ್ರರಿ ಸಾರ್ ಸೋಫಾದ ಮೇಲೆ ಧೊಪ್ಪೆಂದು ಕೂತರು. ಪಕ್ಕದಲ್ಲಿ ಮಂಡಿಗೆ ಶಾಖ ಕೊಟ್ಟುಕೊಳ್ಳುತ್ತಿದ್ದ ಅಮ್ಮ, ಎಂಟು ತಿಂಗಳು ಮಗ ನೋಡುತ್ತಿದ್ದ ಹಾಗೆಯೇ ಸೂರು ನೋಡುತ್ತ ಹೇಳಿದರು:

"ಫ್ಯಾನ್ ಹಾಕು."

ಸಾರ್ ಎದ್ದರು. ಎಂಟು ಹೆಜ್ಜೆ ನಡೆದರು. ಪರದೆಯ ಆಚೆ ಕತ್ತಲಲ್ಲಿ ಸ್ವಿಚ್ಚು ತಡಕಾಡುತ್ತಿರುವಾಗ ಅಮ್ಮನ ದನಿ ಕೇಳಿಸಿತು.

"ಇದು ಹಳೇದಕ್ಕಿಂತ ನಿಧಾನ ಕಣೇ."

"ಹೊಸದಲ್ವಾ ಅತ್ತೆ," ಎಂದರು ಹೆಂಡತಿ, ಮಿಷನ್ ತುಳಿಯುತ್ತ. "ಪಳಗುತ್ತೆ ಬಿಡಿ."