ತೊಗರಿಬೇಳೆ ಅಂಟಿಸಿದ ಕೀಬೋರ್ಡು

ನಮ್ಮ ಸೋದರಮಾವನನ್ನು ಕೇಳಿದರೆ ಈ ಜಗತ್ತಿನಲ್ಲಿ ಯಾವ ಸಾಮಾನೂ ಕೆಡುವುದಿಲ್ಲ, ಬರೀ ಮುನಿಸಿಕೊಳ್ಳುತ್ತದೆ! ಫ್ಯಾನು ತಿರುಗದಿದ್ದರೆ ಅದಕ್ಕೆ ಬೇಸರವಾಗಿದೆ. ಸ್ಕೂಟರು ಚಾಲೂ ಆಗದಿದ್ದರೆ ನಿನ್ನೆ ಯಾರೋ ಅದನ್ನು ಬೈದಿರಬೇಕು. ಹಾಗಾಗಿ ಅವರು ಯಾವುದನ್ನೂ ರಿಪೇರಿ ಮಾಡುವುದಿಲ್ಲ, ರಮಿಸುತ್ತಾರೆ. ಈ ವಿದ್ಯೆ ಮನೆಯ ಮನುಷ್ಯರು ಮುನಿಸಿಕೊಂಡಾಗ ಯಾಕೆ ನಡೆಯುವುದಿಲ್ಲ ಎಂದು ಒಮ್ಮೆ ಕೇಳಿದ್ದೆ.

"ಮನಷ್ಯಾರಿಗೆ ಸ್ಕ್ರೂ ಇರೂದಿಲ್ಲೋ ತಮ್ಮಾ" ಅಂದರು.

ಮಾವನದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗುವ ದಾರಿಯಲ್ಲಿ ಕಿರಾಣಿ ಅಂಗಡಿ. ಅಲ್ಲಿ ಬಿಲ್ ಮಾಡಲು ಒಂದು ಅಗಲವಾದ ಕೀಬೋರ್ಡು ಇದೆ. ನಾವು ನೀವು ಪತ್ರ ಟೈಪ್ ಮಾಡುವಂಥದ್ದಲ್ಲ. ಒಂದೊಂದು ಸಾಮಾನಿಗೆ ಒಂದೊಂದು ಕೀ. ತೊಗರಿಬೇಳೆಯ ಕೀ ಒತ್ತಿದರೆ ಬಿಲ್ಲಿನ ಮೇಲೆ ತೊಗರಿಬೇಳೆ, ಅಕ್ಕಿಯದು ಒತ್ತಿದರೆ ಅಕ್ಕಿ. ಗಿರಾಕಿ ಹೇಳುತ್ತಾ ಹೋಗುವುದು, ಮಾವ ತೂಗುವುದು, ನಮ್ಮ ಅತ್ತೆ ಸ್ಟೂಲಿನ ಮೇಲೆ ಕೂತು ಕೀ ಒತ್ತುವುದು. ಆ ಸ್ಟೂಲು ಅತ್ತೆಯ ಗಾದಿ. ಓಣಿಯ ಸುದ್ದಿಯೆಲ್ಲ ಮೊದಲು ಅಲ್ಲಿಗೆ ಬಂದು, ಅತ್ತೆಯ ಕಿವಿಗೆ ಬಿದ್ದು, ಆಮೇಲೆಯೇ ಊರಿಗೆ ಹೋಗುತ್ತದೆ.

ಬ್ಯಾಡಗಿಯಲ್ಲಿ ಸೀನದವರುಂಟೇ? ಮೆಣಸಿನಕಾಯಿ ಬರುವ ದಿನಗಳಲ್ಲಿ ಗಾಳಿಗೇ ಒಗ್ಗರಣೆ ಹಾಕಿದಂತಿರುತ್ತದೆ, ಕಣ್ಣು ಮೂಗು ಎರಡೂ ಸುರಿಯುತ್ತವೆ. ಒಂದು ವರ್ಷ ಕೀಬೋರ್ಡೂ ಸೀನತೊಡಗಿತು. ಸಕ್ಕರೆ ಒಮ್ಮೆ ಒತ್ತಿದರೆ ಬಿಲ್ಲಿನಲ್ಲಿ ನಾಲ್ಕು ಸಲ ಸಕ್ಕರೆ. ಮಾವ ಸೈಕಲ್ ಪಂಪು ತಂದು ಕೀಗಳ ಸಂದಿಗೆ ಗಾಳಿ ಹೊಡೆದರು. ಒಳಗೆ ಎಷ್ಟು ಕಾಲದ ಖಾರದ ಪುಡಿ ಕೂತಿತ್ತೋ, ಎಲ್ಲ ಒಮ್ಮೆಲೇ ಎದ್ದಿತು. ರವೆ ಆರಿಸುತ್ತಿದ್ದ ನಿವೃತ್ತ ಮಾಸ್ತರರೊಬ್ಬರು ಸೀನುತ್ತಾ ಓಡಿದವರು ಚಪ್ಪಲಿಗಾಗಿ ಸಂಜೆ ಮೊಮ್ಮಗಳನ್ನು ಕಳಿಸಿದರು.

"ನೆಗಡಿ ಆಗಿತ್ತು ಅದಕ್ಕ. ಈಗ ಹೋತು ನೋಡು" ಅಂದರು ಮಾವ.

"ಹೋತರಿ. ಅದರ ಜೋಡಿ ಗಿರಾಕಿನೂ ಹೋದ್ರು" ಅಂದರು ಅತ್ತೆ.

ಇನ್ನೊಮ್ಮೆ ಕೀಬೋರ್ಡನ್ನು ಟವೆಲ್ಲಿನಲ್ಲಿ ಸುತ್ತಿ, ಬಾಣಂತಿಯ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಒಯ್ದರು. ಅಲ್ಲಿನ ರಿಪೇರಿಯವನು ಟವೆಲ್ಲು ಪೂರ್ತಿ ಬಿಚ್ಚುವ ಮೊದಲೇ ತೀರ್ಪು ಕೊಟ್ಟ. "ಇದು ಹಳೇ ಮಾಡಲ್ ಆತರೀ ಯಜಮಾನ್ರ. ಈಗ ಗಾಜಿನ ಸ್ಕ್ರೀನ್ ಬಂದಾವ, ಕೈಬಟ್ಟು ಇಟ್ರ ಸಾಕು. ಹೊಸಾದು ತಗೋರಿ."

ಮಾವ ಶಾಂತವಾಗಿ ಕೇಳಿದರು. "ನಿಮ್ಮ ತಂದಿಯವರಿಗೆ ವಯಸ್ಸೆಷ್ಟಪಾ?"

"ಎಪ್ಪತ್ತೆರಡರಿ."

"ಹಳೇ ಮಾಡಲ್ ಆತಲ್ಲ. ಹೊಸಾದು ತಗೋಬೇಕಿಲ್ಲೋ?"

ಆತ ಟವೆಲ್ಲು ಪೂರ್ತಿ ಸರಿಸಿ ಸ್ಕ್ರೂ ಬಿಚ್ಚಿದನಂತೆ.

ಇದೆಲ್ಲ ಸಹಿಸಬಹುದಿತ್ತು. ಆದರೆ ಒಂದು ಸಲ ನಾನು ಹೋದಾಗ ಕೀಬೋರ್ಡಿನ ಮೇಲೆ ಸಂತೆಯೇ ನೆರೆದಿತ್ತು! ತೊಗರಿಬೇಳೆಯ ಕೀ ಮೇಲೆ ಗಟ್ಟಿ ಗೋಂದಿನಲ್ಲಿ ಅಂಟಿಸಿದ ಒಂದು ಬೇಳೆ. ಅಕ್ಕಿಯ ಕೀ ಮೇಲೆ ಅಕ್ಕಿಕಾಳು, ಕಡಲೆಗೆ ಕಡಲೆ, ಹುಣಸೆಗೆ ಹುಣಸೆಬೀಜ. ಯಾಕೆಂದು ಕೇಳಿದರೆ, "ಅಕ್ಷರ ಅಳಿಸ್ಯಾವ. ಕಾಳು ಓದಾಕ ಸಾಲಿ ಕಲೀಬೇಕಾಗಿಲ್ಲ" ಅಂದರು. ಬೆಲ್ಲದ ಕೀ ಮೇಲೆ ಖರೇ ಬೆಲ್ಲ ಅಂಟಿಸಿ ಮೂರು ದಿನ ಇರುವೆಗಳಿಗೆ ಜಾತ್ರೆ ಮಾಡಿಸಿದ್ದರಂತೆ. ನಾಲ್ಕನೆಯ ದಿನ ಅತ್ತೆಯ ಬೆರಳಿಗೆ ಇರುವೆ ಕಚ್ಚಿದ ಮೇಲೆ, ಬೆಲ್ಲ ಕೆರೆದು ತಮ್ಮ ಅಂಗಿಯ ಗುಂಡಿ ಕಿತ್ತು ಅಂಟಿಸಿದ್ದರು. ಅಂದಿನಿಂದ ಮಾವನ ಎದೆಯ ಹತ್ತಿರ ಒಂದು ಗುಂಡಿ ಇಲ್ಲ. ನಾನು ಹಾವೇರಿಗೆ ಹೋಗಿ ಹೆಂಡತಿಗೆ ಇದನ್ನು ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಮೊನ್ನೆ ಅಮಾವಾಸ್ಯೆಯ ಮರುದಿನವಲ್ಲ, ಅದರ ಮರುದಿನ ಮಾವನ ಫೋನು ಬಂತು. ದನಿಯಲ್ಲಿ ಎಂದಿನ ಜೋರಿಲ್ಲ.

"ತಮ್ಮಾ, ಕೀಬೋರ್ಡ್ ಪೂರ್ತಿ ಮಲಗೇತಿ. ನಿಮ್ಮತ್ತಿ ಎರಡು ದಿನ ಆತು ಅಂಗಡಿಗೆ ಬಂದಿಲ್ಲ. ಮನ್ಯಾಗ ಗ್ವಾಡಿ ಕಡೆ ಮಾರಿ ಮಾಡಿ ಕುಂತಾಳ. ಊಟಾನೂ ಸರಿ ಮಾಡವಲ್ಲಳು. ಲಗೂ ಬಾ."

ನಾನು ಹಾವೇರಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವನು. ಹಾಗಾಗಿ ಬಂಧುಬಳಗದ ಪಾಲಿಗೆ ಇಂಜಿನಿಯರು. ಕೀಬೋರ್ಡಿಗೂ ಅತ್ತೆಯ ಊಟಕ್ಕೂ ಏನು ಸಂಬಂಧ ಎಂದುಕೊಳ್ಳುತ್ತಲೇ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಕೀಬೋರ್ಡಿನ ಹಣೆಯ ಮೇಲೆ ವಿಭೂತಿ, ಕುಂಕುಮ. ಅಮಾವಾಸ್ಯೆಗೆ ತಕ್ಕಡಿಗೆ, ಗಲ್ಲಾಪೆಟ್ಟಿಗೆಗೆ ಪೂಜೆ ಮಾಡುವ ಪದ್ಧತಿ ಎಲ್ಲ ಅಂಗಡಿಯಲ್ಲೂ ಇದೆ. ಆದರೆ ಮಾವ ಕೀಬೋರ್ಡಿಗೇ ಮಂಗಳಾರತಿ ಎತ್ತಿ, ಅದರ ಮಗ್ಗುಲಲ್ಲೇ ಕಾಯಿ ಒಡೆದಿದ್ದರು. ನೀರು ನೇರ ಒಳಗೆ!

"ಕಾಯಿ ನೀರು ತಂಪಲ್ಲೇನೋ?" ಅಂದರು.

"ನಮಗ ತಂಪ್ರಿ ಮಾಮಾ. ಇದಕ್ಕ ಅಲ್ಲ."

ಮಾವ ಅತ್ತೆಯನ್ನು ಕರೆತರಲು ಮನೆಗೆ ಹೋದರು. ನಾನು ಬಿಚ್ಚಿ ನೋಡಿದೆ. ಒಳಗೆಲ್ಲ ಅಂಟು. ಕೀಗಳ ಟೊಪ್ಪಿಗೆ ಒಂದೊಂದೇ ಕಿತ್ತೆ, ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದೆ, ಫ್ಯಾನಿನ ಕೆಳಗೆ ಒಣಗಿಸಿದೆ. ಕೈ ಹಾಕಿದ ಮೇಲೆ ಪೂರ್ತಿ ಚೊಕ್ಕ ಮಾಡೋಣ ಎಂದು ಟೊಪ್ಪಿಗೆಗಳ ಮೇಲಿನ ಬೇಳೆ, ಕಾಳು, ಗುಂಡಿ ಎಲ್ಲ ಕೆರೆದು, ಗುಡಿಸಿ ಗಟಾರಕ್ಕೆ ಹಾಕಿದೆ. ದುಂಡಗಿನ ಅಕ್ಷರದಲ್ಲಿ ಹೆಸರು ಬರೆದ ಹೊಸ ಚೀಟಿ ಅಂಟಿಸಿದೆ. ತಂತಿ ಸಿಕ್ಕಿಸಿ ಒತ್ತಿದರೆ ಎಲ್ಲ ಕೀಗಳೂ ಕೆಲಸ ಮಾಡಿದವು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಷ್ಟರಲ್ಲಿ ಮಾವ ಅತ್ತೆ ಬಂದರು. ಅತ್ತೆ ಮಾವನ ತೋಳು ಹಿಡಿದಿದ್ದರು. "ಈ ವಯಸ್ಸಿನ್ಯಾಗ ಭಾರೀ ಜೋಡಿ ಬಿಡ್ರಿ" ಎಂದು ಚೇಷ್ಟೆ ಮಾಡಿದೆ. ಅತ್ತೆ ನಗುತ್ತಾ ಬಂದು ಸ್ಟೂಲಿನ ಮೇಲೆ ಕೂತರು. ಎದುರಿಗಿದ್ದ ಹೆಣ್ಣುಮಗಳು ಅರ್ಧ ಕಿಲೋ ತೊಗರಿಬೇಳೆ ಕೇಳಿದಳು.

ಅತ್ತೆಯ ಬೆರಳು ಕೀಬೋರ್ಡಿನ ಮೇಲೆ ಹೋಯಿತು, ಸುತ್ತಿತು, ಮತ್ತೆ ಮೊದಲಿನಿಂದ ಸುತ್ತಿ ನಿಂತುಬಿಟ್ಟಿತು.

"ಯಾಕರಿ, ಎಲ್ಲಾ ಬೋಳ ಆಗ್ಯಾವಲ್ಲ" ಅಂದರು ಮೆಲ್ಲಗೆ.

ಮಾವ ನನ್ನನ್ನು ಬೈಯಲಿಲ್ಲ. ಚೀಲಗಳಿರುವ ಒಳಕೋಣೆಗೆ ಕರೆದೊಯ್ದರು.

"ಆಕಿಗೆ ಕಣ್ಣಿನ ನೆದರ ಹೊಂಟೇತೋ ತಮ್ಮಾ. ಹುಬ್ಬಳ್ಳ್ಯಾಗ ತೋರಿಸೇನಿ, ಇನ್ನ ಸುಧಾರಿಸೂದಿಲ್ಲ ಅಂದಾರ. ಮಾರಿ ಮಸಕ ಮಸಕ ಕಾಣ್ತಾವ, ಅಕ್ಷರ ಕಾಣೂದಿಲ್ಲ. ಯಾರಿಗೂ ಹೇಳಬ್ಯಾಡ್ರಿ ಅಂದಾಳ. ಗಾಜಿನ ಸ್ಕ್ರೀನ್ ಮ್ಯಾಲೆ ಆಕಿ ಏನು ಸವರಿ ನೋಡ್ಬೇಕು, ಹೇಳು? ಆ ಸ್ಟೂಲ್ ಬಿಟ್ಟು ಮನ್ಯಾಗ ಕುಂತ್ರ ಸೊರಗತಾಳ."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಇದನ್ನೇ ಹೆಂಡತಿಗೆ ಹೇಳಿ ನಾನು ಅಷ್ಟು ನಕ್ಕಿದ್ದೆನಲ್ಲ! ಮಾವ ಒಂದೊಂದು ಚೀಲಕ್ಕೂ ಕೈ ಹಾಕಿ ಒಂದೊಂದು ಕಾಳು ನನ್ನ ಅಂಗೈಗೆ ಹಾಕಿದರು. ಗೋಂದು ತಂದು ಇಬ್ಬರೂ ಅತ್ತೆಯ ಎದುರಿಗೇ ಕೂತು ಅಂಟಿಸತೊಡಗಿದೆವು.

"ಬೆಲ್ಲಕ್ಕ ಬೆಲ್ಲಾ ಹಚ್ಚಬ್ಯಾಡ್ರಿ ಮತ್ತ" ಅಂದರು ಅತ್ತೆ.

ಮಾವನ ಕೈ ತಮ್ಮ ಅಂಗಿಗೆ ಹೋಯಿತು. ಅಷ್ಟರಲ್ಲಿ ನಾನು ನನ್ನದೇ ಅಂಗಿಯ ಗುಂಡಿ ಕಿತ್ತಿದ್ದೆ. ಅಂಟಿಸಿ ಗೋಂದು ಒಣಗಿದ ಮೇಲೆ ಅತ್ತೆ ಅದರ ಮೇಲೆ ಬೆರಳಾಡಿಸಿದರು.

"ಇದು ನಿಮ್ಮದಲ್ಲಲ್ಲ. ನಿಮ್ಮದು ಎರಡ ತೂತಿಂದಿತ್ತು, ಇದು ನಾಕ ತೂತಿಂದು." ನನ್ನತ್ತ ತಿರುಗಿ, "ಎದಿ ಮುಚ್ಕೊಂಡು ಹೋಗಪಾ, ಗಾಳಿ ಐತಿ" ಅಂದರು.

ಗುಂಡಿಯಿಲ್ಲದ ಅಂಗಿಯಲ್ಲೇ ಹಾವೇರಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಣ್ಣಲ್ಲಿ ನೀರು. ಪಕ್ಕದವರು ಯಾಕೆಂದು ಕೇಳಲಿಲ್ಲ. ಬ್ಯಾಡಗಿಯಿಂದ ಹೊರಟ ಬಸ್ಸಿನಲ್ಲಿ ಯಾರೂ ಯಾರನ್ನೂ ಹಾಗೆ ಕೇಳುವುದಿಲ್ಲ.