ನನ್ನ ಕಿವಿ ಆರಿಸಿದ ರೇಸ್ ಗಾಡಿ

ಮಕ್ಕಳೇ,

ಹೋದ ಭಾನುವಾರ ಊಟಕ್ಕೆ ಕುಳಿತಾಗ ನಮ್ಮ ಚೇತು ಒಂದು ಸುದ್ದಿ ಹೇಳಿದ. ಅವನು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕ್ ಕೊಳ್ಳುತ್ತಾನಂತೆ. ರಸ್ತೆಯಲ್ಲಿ ಓಡಿಸಲಿಕ್ಕಲ್ಲ, ಟ್ರ್ಯಾಕ್‌ನಲ್ಲಿ ಓಡಿಸಲಿಕ್ಕೆ. “ಹಳೇ ಗಾಡಿ ಆರಿಸೋದು ಬಹಳ ಕಷ್ಟ ಅಜ್ಜಿ, ಅದೆಲ್ಲಾ ನಿಂಗೆ ಗೊತ್ತಾಗಲ್ಲ” ಎಂದ. ನಾನು ಅನ್ನಕ್ಕೆ ಸಾರು ಹಾಕಿಕೊಂಡೆ.

ಆದರೆ ನಿಮಗೆಲ್ಲ ಒಂದು ವಿಷಯ ತಿಳಿದಿರಲಿ. ಈ ವಂಶದಲ್ಲಿ ರೇಸಿಗೆಂದು ಹಳೆಯ ಮೋಟಾರ್ ಸೈಕಲ್ ಆರಿಸಿದ ಮೊದಲ ವ್ಯಕ್ತಿ ನಾನೇ! ಆಮೇಲೆ ಆ ಕೆಲಸಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ಏಕೆಂದು ಬಾಯಿಬಿಟ್ಟು ಹೇಳಲು ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ತವರೂರು ಸಾಸಲಿನ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ, ದೊಡ್ಡಬಳ್ಳಾಪುರದ ಮಗ್ಗದ ಮನೆಗೆ ಸೊಸೆಯಾಗಿ ಬಂದವಳು ನಾನು. ಅಡುಗೆಮನೆಯ ಗೋಡೆಯಾಚೆ ನಾಲ್ಕು ವಿದ್ಯುತ್ ಮಗ್ಗಗಳು. ಬೆಳಗಾದರೆ ಟಕ್ಕಟಕ, ಸಂಜೆಯಾದರೂ ಟಕ್ಕಟಕ. ಒಂದು ದಿನ ಮುದ್ದೆ ತೊಳಸುತ್ತಾ, “ರೀ, ಆ ಮೂಲೆ ಮಗ್ಗ ಯಾಕೋ ಕುಂಟ್ತಾ ಇದೆ” ಎಂದೆ. ನಿಮ್ಮ ತಾತ ಹೋಗಿ ನೋಡಿದರೆ ಒಂದು ತಿರುಪು ಸಡಿಲವಾಗಿತ್ತು!

ಅಂದಿನಿಂದ ನನ್ನ ಕಿವಿಯ ಕೀರ್ತಿ ಬೀದಿಗೆಲ್ಲ ಹಬ್ಬಿತು. ಹಿಟ್ಟಿನ ಗಿರಣಿ ತಡವರಿಸಿದರೆ ನನಗೆ ಕರೆ. ಪಂಪ್‌ಸೆಟ್ ಗೊಣಗಿದರೆ ನನಗೆ ಕರೆ. ಎದುರುಮನೆಯ ಗೌರಮ್ಮನಂತೂ ಗಂಡನ ಗೊರಕೆ ಕೇಳಿಸಲು ಕರೆದಳು. ಕಿಟಕಿಯಾಚೆ ನಿಂತು ಕೇಳಿದೆ. ಅದರಲ್ಲಿ ದೋಷವೇನಿರಲಿಲ್ಲ. ಒಳ್ಳೆಯ ಲಯವಿತ್ತು.

ಹೀಗಿರಲು ನಿಮ್ಮ ತಾತನಿಗೆ ಮೋಟಾರ್ ಸೈಕಲ್ ರೇಸಿನ ಹುಚ್ಚು ಹಿಡಿಯಿತು. ಸ್ನೇಹಿತ ಜಯಣ್ಣನ ಜೊತೆ ಹೋಗಿ, ಯುದ್ಧದ ಕಾಲದಲ್ಲಿ ವಿಮಾನ ಇಳಿಯುತ್ತಿದ್ದ ಹಳೆಯ ಓಡುದಾರಿಯೊಂದರ ಮೇಲೆ ನಡೆದ ರೇಸು ನೋಡಿ ಬಂದಿದ್ದರು. ಬಂದವರು ಊಟಕ್ಕೆ ಕೂತಾಗಲೂ ಮುಂದಕ್ಕೆ ಬಾಗಿ, ಎರಡೂ ಮೊಣಕೈ ಅಗಲಿಸಿ ಕೂರತೊಡಗಿದರು. ಒಂದು ವಾರ ನೋಡಿದ ನನ್ನ ಅತ್ತೆ ಕೊನೆಗೆ ತೀರ್ಪು ಕೊಟ್ಟರು.

“ನೋಡೋ, ಒಂದೇ ಒಂದ್ಸಲ ರೇಸಿಗೆ ಹೋಗು. ನಾನೂ ಬಂದು ನೋಡ್ತೀನಿ. ಒಬ್ಬನ್ನಾದ್ರೂ ಹಿಂದೆ ಹಾಕುದ್ರೆ ನಿನ್ನಿಷ್ಟ, ವರ್ಷಾ ಪೂರ್ತಿ ಓಡ್ಸು. ಕಟ್ಟಕಡೆಗೆ ಬಂದ್ಯೋ, ರೇಸಿನ ಮಾತು ಈ ಮನೇಲಿ ಇನ್ನೊಂದ್ಸಲ ಎತ್ತಕೂಡ್ದು!”

ಒಬ್ಬನನ್ನು ಹಿಂದೆ ಹಾಕುವುದೇನು ಮಹಾ? ಇಬ್ಬರೂ ಖುಷಿಯಿಂದ ಒಪ್ಪಿಕೊಂಡೆವು.

“ಗಾಡಿ ಆರ್ಸೋಕೆ ನೀನೂ ಬಾರೇ” ಎಂದರು ನಿಮ್ಮ ತಾತ. “ನಿನ್ ಕಿವಿ ಒಂದಿದ್ರೆ ಸಾಕು.”

“ಅಯ್ಯೋ, ಪರಗಂಡಸರ ಮುಂದೆ ನಾನೇನ್ರೀ ಮಾತಾಡ್ಲಿ?”

“ಮಾತೇ ಆಡ್ಬೇಡ. ಗಾಡಿ ಚೆನ್ನಾಗಿದ್ರೆ ಬಳೆ ಅಲ್ಲಾಡ್ಸು. ಚೆನ್ನಾಗಿಲ್ದಿದ್ರೆ ಕೆಮ್ಮು.”

ಬಸ್ಸು ಹಿಡಿದು ದೇವನಹಳ್ಳಿಗೆ ಹೋದೆವು. ಜೊತೆಗೆ ಜಯಣ್ಣನೂ ಇದ್ದ. ಹುಣಸೆಮರದ ಕೆಳಗೆ ಬಾಷಾ ಸಾಬರ ರಿಪೇರಿ ಅಂಗಡಿ. ಮಾರಾಟಕ್ಕೆ ಎರಡು ಗಾಡಿ, ಒಂದು ಕೆಂಪು, ಒಂದು ಹಸಿರು. ನಾನು ಸೆರಗು ಹೊದ್ದು, ಮರದ ಮರೆಯಲ್ಲಿ, ನ್ಯಾಯಾಧೀಶರ ಗಾಂಭೀರ್ಯದಲ್ಲಿ ನಿಂತೆ.

ಸಾಬರು ಕೆಂಪು ಗಾಡಿಯನ್ನು ಒದ್ದರು. ಢಬ್! ಬುರ್ರ್... ಪ್ರಾಣ ಹೋಯಿತೇನೋ ಎನ್ನುವಷ್ಟರಲ್ಲಿ ಮತ್ತೆ ಢಬ್ ಢಬ್! ನಿಂತಲ್ಲೇ ನಡುಗುತ್ತಿತ್ತು, ಬಿಕ್ಕುತ್ತಿತ್ತು. ಇಂಥ ಮಗ್ಗ ನಮ್ಮ ಮನೆಯಲ್ಲಿದ್ದಿದ್ದರೆ ಸೀರೆಯ ಬದಲು ಮೀನಿನ ಬಲೆ ಬರುತ್ತಿತ್ತು! ಒಪ್ಪಂದದಂತೆ ಒಂದು ಸಲ ಕೆಮ್ಮಿದೆ. ಆಮೇಲಿನ ಕೆಮ್ಮೆಲ್ಲ ಅದರ ಹೊಗೆಯ ಕೊಡುಗೆ. ನಿಲ್ಲಿಸಲಾಗಲಿಲ್ಲ.

“ಅಮ್ಮಾವ್ರಿಗೆ ನೀರು ಕೊಡ್ರಪ್ಪಾ!” ಎಂದು ಸಾಬರು ಕೂಗಿದರು. ಆಮೇಲೆ ಹಸಿರು ಗಾಡಿಯನ್ನು ಒದ್ದರು.

ಟಕ್ಕಟಕ, ಟಕ್ಕಟಕ, ಟಕ್ಕಟಕ.

ಆಹಾ! ಮನೆಗೇ ಬಂದಂತಾಯಿತು. ಒಂದು ಏಟು ಹೆಚ್ಚಿಲ್ಲ, ಒಂದು ಏಟು ಕಡಿಮೆಯಿಲ್ಲ. ಬಳೆ ಅಲ್ಲಾಡಿಸಿದೆ. ಖುಷಿಗೆ ಎರಡು ಗಾಜಿನ ಬಳೆ ಒಡೆದೇಹೋದವು.

“ಅಣ್ಣಾ, ನನ್ ಮಾತು ಕೇಳಿ” ಎಂದರು ಸಾಬರು. “ಕೆಂಪುದು ನಿಂತಾಗ ಹಿಂಗೇ ತಕರಾರು ಮಾಡ್ತದೆ. ಓಡ್ಸಿದ್ರೆ ಗಾಳಿ! ಹಸಿರುದು ದುಡಿಯೋ ಗಾಡಿ. ರೇಸಿಗೆ ಬ್ಯಾಡ.”

ನಿಮ್ಮ ತಾತ ನನ್ನತ್ತ ಬಂದು ಪಿಸುಗುಟ್ಟಿದರು: “ಯಾವ್ದು ವ್ಯಾಪಾರ ಆಗಲ್ವೋ ಅದ್ನೇ ಹೊಗಳ್ತಾರೆ ಕಣೇ. ನಿನ್ ಕಿವಿ ಮುಂದೆ ಇವ್ರ ಆಟ ನಡ್ಯುತ್ತಾ!” ನಾನು ವಿನಯದಿಂದ ತಲೆ ತಗ್ಗಿಸಿದೆ.

“ಅತ್ಗೆ ಬೇಡ ಅಂದ್ರೆ ಹೋಗ್ಲಿ ಬಿಡು. ಕೆಂಪುದು ನಂಗಿರ್ಲಿ, ಬಣ್ಣ ಚೆನ್ನಾಗೈತೆ” ಎಂದ ಜಯಣ್ಣ. ಪಾಪ ಅನ್ನಿಸಿತು. ಅವನಿಗಿನ್ನೂ ಮದುವೆಯಾಗಿರಲಿಲ್ಲ, ಬುದ್ಧಿ ಹೇಳುವ ಕಿವಿ ಮನೆಯಲ್ಲಿರಲಿಲ್ಲ.

ಮನೆಗೆ ಬಂದ ಹಸಿರು ಗಾಡಿಗೆ ಅತ್ತೆ ಆರತಿ ಎತ್ತಿದರು, ಚಕ್ರದಡಿ ನಿಂಬೆಹಣ್ಣು ಇಟ್ಟರು. ಮಾರನೆಯ ಬೆಳಿಗ್ಗೆ ಅಭ್ಯಾಸಕ್ಕೆಂದು ಕುಂದಾಣದ ರಸ್ತೆಗೆ ಹೊರಟೆವು. ಓಡುವಾಗಲೂ ಶಬ್ದ ಪರೀಕ್ಷಿಸಲೆಂದು ನನ್ನನ್ನು ಹಿಂದೆ ಕೂರಿಸಿಕೊಂಡಿದ್ದರು.

ಮೊದಲ ಹಳ್ಳಿ ಬಂತು. ಮನೆಮನೆಗಳಿಂದ ಹೆಂಗಸರು ಚೆಂಬು ಹಿಡಿದು ಓಡಿಬಂದರು!

“ರೇಸಿನ ಸುದ್ದಿ ಇಲ್ಲಿಗೂ ಬಂದಿದೆ ಕಣೇ” ಎಂದು ನಿಮ್ಮ ತಾತ ಹೆಮ್ಮೆಯಿಂದ ಗಾಡಿ ನಿಲ್ಲಿಸಿದರು.

“ಏನಣ್ಣಾ, ಒಂದು ವಾರದಿಂದ ನಾಪತ್ತೆ! ಹಾಲು ಯಾರಿಗೆ ಹಾಕಾನ?” ಎಂದಳು ಮುಂದಿದ್ದವಳು. ಹತ್ತಿರ ಬಂದು ಮುಖ ನೋಡಿ, “ಅಯ್ಯೋ, ಇವ್ರು ಹೊಸಬ್ರು! ಗಾಡಿ ಸದ್ದು ಕೇಳಿ ನಮ್ ಹಾಲಿನೋನೇ ಅನ್ಕೊಂಡೆ. ಎಲ್ಲಪ್ಪಾ ನಿನ್ ಕ್ಯಾನು?”

“ಹೆಂಡ್ತೀನೂ ಕರ್ಕಂಡ್ ಬಂದವ್ನೆ, ಲೆಕ್ಕ ಬರ್ಯಾಕೆ” ಎಂದಳು ಇನ್ನೊಬ್ಬಳು.

ಮುಂದಿನ ಹಳ್ಳಿಯಲ್ಲೂ ಚೆಂಬು. ಅದರ ಮುಂದಿನ ಹಳ್ಳಿಯಲ್ಲಿ ಒಬ್ಬ ಮುದುಕಿ ನಾವು ಹೇಳುವುದನ್ನು ಕೇಳಿಸಿಕೊಳ್ಳದೆ ಚೆಂಬನ್ನು ನನ್ನ ಮಡಿಲಿಗೇ ಇಟ್ಟುಬಿಟ್ಟಳು. ಬೇಡವೆನ್ನಲು ನನಗೆ ಸಂಕೋಚ. ರೇಸಿನ ಅಭ್ಯಾಸ ಮುಗಿಸಿ ನಾವು ಮನೆಗೆ ಬಂದದ್ದು ಹಾಲಿನೊಂದಿಗೆ!

“ಹಾಲಿನ ಗಾಡಿ ಕಣೇ ಇದು” ಎಂದರು ನಿಮ್ಮ ತಾತ, ಜಗಲಿಯ ಮೇಲೆ ಕುಸಿಯುತ್ತಾ. “ಕ್ಯಾನು ಎಳ್ಯೋಕೆ ಅಂತ್ಲೇ ಸರಿ ಮಾಡಿರೋದು. ಎಷ್ಟು ತಿರುವಿದ್ರೂ ವೇಗ ಏಳಲ್ಲ.”

“ಹಾಲು ಒಡೆಯೋದ್ರೊಳಗೆ ಬೆಂಗ್ಳೂರು ಮುಟ್ಬೇಕಲ್ರೀ? ಬೇಗ್ನೇ ಓಡಿರುತ್ತೆ” ಎಂದೆ. ಅವರು ನಂಬಿದರು. ನಂಬದೆ ಬೇರೆ ದಾರಿಯೂ ಇರಲಿಲ್ಲ. ರೇಸು ಮುಂದಿನ ಭಾನುವಾರವೇ ಇತ್ತು.

ಆ ದಿನ ನಾನೂ ಅತ್ತೆಯೂ ಬುತ್ತಿ ಕಟ್ಟಿಕೊಂಡು ಹೋದೆವು. ಬಾವುಟ ಬಿತ್ತು. ಉಳಿದ ಗಾಡಿಗಳು ಕಿರುಚುತ್ತಾ ಮಾಯವಾದವು. ಎಲ್ಲಕ್ಕಿಂತ ಮುಂದೆ ಜಯಣ್ಣನ ಕೆಂಪು ಗಾಡಿ! ನಮ್ಮದು ಟಕ್ಕಟಕ ಎನ್ನುತ್ತಾ, ಯಾರ ಮೇಲೂ ಹಗೆಯಿಲ್ಲದಂತೆ ಹೊರಟಿತು. ಅಷ್ಟು ಜನರ ನಡುವೆಯೂ ಅದರ ಶಬ್ದ ಮಾತ್ರ ಬಹಳ ಚೆನ್ನಾಗಿತ್ತು.

ಸ್ವಲ್ಪ ಹೊತ್ತಿನಲ್ಲಿ ಉಳಿದವರು ಪೂರ್ತಿ ಸುತ್ತು ಮುಗಿಸಿ ನಮ್ಮವರ ಬೆನ್ನ ಹಿಂದೆ ಕಾಣಿಸಿಕೊಂಡರು. ಅತ್ತೆ ಎದ್ದು ನಿಂತು ಕೂಗಿದರು: “ಏ ನೋಡೇ! ನಮ್ಮೋನೇ ಮುಂದವ್ನೆ! ಎಲ್ಲಾ ಹಿಂದೆ ಬರ್ತಾವ್ರೆ!”

ನಾನು ತಿದ್ದಲಿಲ್ಲ. ಅವರ ಸಂತೋಷ ಕಾಲು ನಿಮಿಷವಾದರೂ ಬಾಳಲಿ ಎನಿಸಿತು. ಅಷ್ಟೂ ಬಾಳಲಿಲ್ಲ.

ಕೊನೆಯ ಸುತ್ತಿನಲ್ಲಿ ದೇವರು ಕಣ್ಣುಬಿಟ್ಟ. ನೀಲಿ ಅಂಗಿಯವನೊಬ್ಬನ ಗಾಡಿ ನಮ್ಮೆದುರೇ ಕೆಟ್ಟು ನಿಂತಿತು. ಒದ್ದ, ಒದ್ದ, ಏಳಲಿಲ್ಲ. ಅವನನ್ನು ಅಲ್ಲೇ ಬಿಟ್ಟು ಗೆರೆ ದಾಟಿದರೆ ಸಾಕು, ಒಬ್ಬನನ್ನು ಹಿಂದೆ ಹಾಕಿದಂತೆ! ಟಕ್ಕಟಕ ಹತ್ತಿರ ಬಂತು. ನಾನು ಸೆರಗಿನ ತುದಿ ಕಚ್ಚಿ ಹಿಡಿದೆ.

ದಾರಿಬದಿ ನಿಂತವರನ್ನು ಕಂಡರೆ ನಿಲ್ಲುವ ಅಭ್ಯಾಸ ಆ ಗಾಡಿಗಿತ್ತೋ, ನಿಮ್ಮ ತಾತನಿಗಿತ್ತೋ, ಇವತ್ತಿಗೂ ನನಗೆ ತಿಳಿಯದು. ಗಾಡಿ ನಿಂತಿತು!

“ಏನಾಯ್ತು ಗುರು?” ಎಂದು ನಿಮ್ಮ ತಾತ ಕೇಳಿದ್ದು ನನಗೇ ಕೇಳಿಸಿತು. ಜೇಬಿನಿಂದ ಮಗ್ಗದ ತಿರುಪುಳಿ ತೆಗೆದರು. ಬಗ್ಗಿ ಏನನ್ನೋ ಬಿಗಿದರು. ಹಿಂದಿನಿಂದ ತಳ್ಳಿಯೂ ಕೊಟ್ಟರು. ನೀಲಿ ಅಂಗಿಯವನು ಕೈ ಬೀಸಿ ಹಾರಿಹೋದ. ನಮ್ಮವರು ಹಿಂದಿನಿಂದ ಗೆರೆ ದಾಟುವಾಗ ಮುಂದಿನ ರೇಸಿನವರು ಸಾಲಾಗಿ ಬಂದು ನಿಂತಾಗಿತ್ತು. ಅವರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

“ಕಟ್ಟಕಡೆಗೆ ಬಂದ್ಯಲ್ಲೋ” ಎಂದರು ಅತ್ತೆ.

“ಅವ್ನ ಗಾಡಿ ಕೆಟ್ಟೋಗಿತ್ತಮ್ಮ.”

ಅತ್ತೆ ಬುತ್ತಿ ಬಿಚ್ಚಿದರು. “ಕೂತ್ಕೊ, ಉಣ್ಣು” ಎಂದರು. ಎರಡು ಹಿಡಿ ಹೆಚ್ಚಿಗೇ ಬಡಿಸಿದರು. ಆದರೆ ಮಾತು ಮಾತೇ. ರೇಸಿನ ಸುದ್ದಿ ಅಲ್ಲಿಗೆ ಮುಗಿಯಿತು.

ಗಾಡಿ ಮಾತ್ರ ಮನೆಯಲ್ಲೇ ಉಳಿಯಿತು. ಒಂದು ದಿನವೂ ಕೆಡಲಿಲ್ಲ. ಸೀರೆಯ ಗಂಟು ಹೊತ್ತಿತು, ನೂಲು ಹೊತ್ತಿತು. ಎಲ್ಲರಿಗಿಂತ ಹೆಚ್ಚಾಗಿ ಅತ್ತೆಯನ್ನು ಹೊತ್ತಿತು. ಅಷ್ಟು ನಿಧಾನದ ಗಾಡಿ ಕಂಡು ಅವರ ಭಯವೆಲ್ಲ ಹೋಗಿ, ಮದುವೆ ಮುಂಜಿಗಳಿಗೆಲ್ಲ ಅದರಲ್ಲೇ ಸವಾರಿ. ಸಾಸಲಿನ ರಸ್ತೆ ಖಾಲಿಯಿದ್ದಾಗ ನಿಮ್ಮ ತಾತ ಒಮ್ಮೊಮ್ಮೆ ಮೆಲ್ಲಗೆ ಮುಂದಕ್ಕೆ ಬಾಗಿ, ಎರಡೂ ಮೊಣಕೈ ಅಗಲಿಸುತ್ತಿದ್ದರಂತೆ. ಹಿಂದಿನಿಂದ ಅತ್ತೆ, “ಯಾಕೋ, ಹೊಟ್ಟೆನೋವಾ?” ಎನ್ನುತ್ತಿದ್ದರಂತೆ.

ನನ್ನನ್ನು ನಿಮ್ಮ ತಾತ ಒಂದು ಮಾತೂ ಅನ್ನಲಿಲ್ಲ. ಜಯಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಕೆಂಪು ಗಾಡಿಯಲ್ಲಿ ಬೀದಿ ದಾಟುವಾಗ ಮಾತ್ರ ನನ್ನ ಕಡೆ ತಿರುಗಿ, ಮೆಲ್ಲಗೆ ಒಂದು ಸಲ ಕೆಮ್ಮುತ್ತಿದ್ದರು. ಅವರು ಹೋದ ಮೇಲೆ ಆ ಕೆಮ್ಮನ್ನು ನೆನೆದು ಎಷ್ಟೋ ಸಲ ಒಬ್ಬಳೇ ನಕ್ಕಿದ್ದೇನೆ.

ಇಷ್ಟು ಬರೆದು ಮುಗಿಸುವ ಹೊತ್ತಿಗೆ ನಿನ್ನೆ ಚೇತುವಿನ ಫೋನು ಬಂತು. ಅವನ ಅಪ್ಪ ಹಳೆಯ ಕಥೆಯನ್ನೆಲ್ಲ ಹೇಳಿರಬೇಕು.

“ಅಜ್ಜಿ, ಒಂದು ಗಾಡಿ ನೋಡ್ತಾ ಇದ್ದೀನಿ. ಶಬ್ದ ಕೇಳಿ ಹೇಳು” ಎಂದ.

ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷಗಳ ಮೇಲೆ ನನ್ನ ಕಿವಿಗೆ ಮತ್ತೆ ಮರ್ಯಾದೆ! ಫೋನನ್ನು ಕಿವಿಗೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಕೇಳಿದೆ. ಒಂದೇ ಲಯ, ಒಂದೇ ಹದ.

“ಬಹಳ ಚೆನ್ನಾಗಿದೆ ಕಣೋ ಮಗು! ಬಂಗಾರದಂಥ ಗಾಡಿ!” ಎಂದೆ.

“ಥ್ಯಾಂಕ್ಸ್ ಅಜ್ಜಿ” ಎಂದ ಚೇತು. ಆಮೇಲೆ ಫೋನು ಇಡುವುದನ್ನು ಮರೆತು, ಅಲ್ಲಿದ್ದ ಮಾರುವವನಿಗೆ ಹೇಳಿದ:

“ಇದು ಬೇಡ ಗುರು. ಬೇರೆ ತೋರಿಸು!”